ವಿಗ್ ಹಾಕಿದರೆ ಧೈರ್ಯ ಬರುತ್ತಾ?

ಪ್ರಶ್ನೆ: ನನಗೆ 28 ವರ್ಷ. ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಎರಡು ವರ್ಷದ ಹಿಂದೆ ತಲೆಯ ಹಿಂಭಾಗದಲ್ಲಿ ನಾಣ್ಯದಷ್ಟು ಅಗಲ ಕೂದಲು ಉದುರಿತು. ‘ಹುಳ ತಿಂದಿದೆ’ ಅಂತ ಮನೆಯಲ್ಲಿ ಬೆಳ್ಳುಳ್ಳಿ ಉಜ್ಜಿದರು, ಗುಲಗಂಜಿ ತೇಯ್ದು ಹಚ್ಚಿದರು. ಆಮೇಲೆ ಚರ್ಮದ ಡಾಕ್ಟರು ಅಲೋಪೇಶಿಯಾ ಏರಿಯೇಟಾ ಅಂದರು. ಇಂಜೆಕ್ಷನ್, ಮಾತ್ರೆ ಎಲ್ಲ ಆಯಿತು. ಸ್ವಲ್ಪ ಬಂತು, ಮತ್ತೆ ಹೋಯಿತು. ಈಗ ತಲೆಯಲ್ಲಿ ಒಂದೆಳೆ ಕೂದಲಿಲ್ಲ, ಹುಬ್ಬೂ ಅರ್ಧ ಹೋಗಿದೆ. ಸ್ಕಾರ್ಫ್ ಕಟ್ಟಿಕೊಂಡು ಶಾಲೆಗೆ ಹೋಗುತ್ತೇನೆ. ಮದುವೆ, ಗೃಹಪ್ರವೇಶ ಅಂತ ಎಲ್ಲಿಗೂ ಹೋಗುತ್ತಿಲ್ಲ. ಆನ್‌ಲೈನ್‌ನಲ್ಲಿ ಒಂದು ವಿಗ್ ತರಿಸಿದೆ. ಹಾಕಿಕೊಂಡು ಕನ್ನಡಿ ನೋಡಿದರೆ ನಾಟಕದ ಟೋಪನ್ನಿನ ಹಾಗೆ ಕಂಡಿತು, ಬೀರುವಿನಲ್ಲಿಟ್ಟುಬಿಟ್ಟೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ‘ವಿಗ್ ಹಾಕ್ಕೋ, ಮದುವೆ ಆಗೋವರೆಗೂ ಯಾರಿಗೂ ಹೇಳ್ಬೇಡ’ ಅನ್ನುತ್ತಾರೆ ಅಮ್ಮ. ‘ವಿಗ್ ಹಾಕಿದ್ರೆ ಇರೋ ಬೇರೂ ಸತ್ತುಹೋಗುತ್ತೆ’ ಅನ್ನುತ್ತಾಳೆ ಅಕ್ಕ. ವಿಗ್ ಹಾಕಿದರೆ ನಿಜವಾಗಿಯೂ ಧೈರ್ಯ ಬರುತ್ತಾ? ಇದು ಜನರಿಗೆ ಮೋಸ ಮಾಡಿದ ಹಾಗಲ್ವಾ?

ಉತ್ತರ: ಬರುತ್ತದೆ. ನನ್ನ ಕ್ಲಿನಿಕ್ಕಿಗೆ ಬರುವ ಎಷ್ಟೋ ಹೆಣ್ಣುಮಕ್ಕಳಲ್ಲಿ ಅದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಬೀರುವಿನಲ್ಲಿ ಬಿದ್ದಿರುವ ಆ ವಿಗ್‌ನಿಂದ ಬರುವುದಿಲ್ಲ. ಅಮ್ಮ ಹೇಳಿದ ಹಾಗೆ ಯಾರಿಗೂ ಹೇಳದೆ ಹಾಕಿಕೊಂಡರೆ, ಎಷ್ಟು ದುಬಾರಿಯದು ತಂದರೂ ಬರುವುದಿಲ್ಲ. ಈ ಎರಡನ್ನೂ ಬಿಡಿಸಿ ಹೇಳುತ್ತೇನೆ. ಅದಕ್ಕೂ ಮುಂಚೆ ಅಕ್ಕನ ಹೆದರಿಕೆಗೆ ಉತ್ತರ ಕೊಟ್ಟುಬಿಡೋಣ.

ವಿಗ್ ಹಾಕಿದರೆ ಕೂದಲಿನ ಬೇರು ಸಾಯುವುದಿಲ್ಲ. ಬೇರಿಗೆ ಬೇಕಾದ ಪೋಷಣೆ ಬರುವುದು ರಕ್ತದಿಂದ. ತಲೆ ಮುಚ್ಚಿಕೊಂಡ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ತೊಂದರೆ ಆಗುವುದು ಅಲ್ಲಲ್ಲಿ ಕೂದಲು ಉಳಿದಿರುವವರಿಗೆ. ಅವರು ವಿಗ್‌ನ ಬಿಗಿಯಾದ ಕ್ಲಿಪ್ಪನ್ನು ದಿನವೂ ಅದೇ ಜಾಗಕ್ಕೆ ಸಿಕ್ಕಿಸಿದರೆ ಎಳೆತಕ್ಕೆ ಆ ಕೂದಲೂ ಹೋಗುತ್ತದೆ. ವರ್ಷಗಟ್ಟಲೆ ಹಾಗೆ ಎಳೆದರೆ ಅದು ಮತ್ತೆ ಬರದೆಯೂ ಇರಬಹುದು. ಅದಕ್ಕೇ ಮುಂದೆ ನಿಮಗೆ ಮರಿಗೂದಲು ಬರಲು ಶುರುವಾದರೆ ಅದಕ್ಕೆ ಕ್ಲಿಪ್ ಹಾಕಬೇಡಿ, ಅಂಟು ಹಚ್ಚಬೇಡಿ. ಇಷ್ಟು ನೋಡಿಕೊಂಡರೆ ಸಾಕು.

ಕಾಯಿಲೆ ಬಗ್ಗೆಯೂ ಎರಡು ಮಾತು. ಅಲೋಪೇಶಿಯಾ ಏರಿಯೇಟಾದಲ್ಲಿ ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ನಮ್ಮದೇ ಕೂದಲಿನ ಬೇರಿನ ಮೇಲೆ ಬೀಳುತ್ತದೆ. ಹುಳವೂ ಇಲ್ಲ, ಅದು ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಇದು ಬರುತ್ತದೆ. ಹೆಚ್ಚಿನವರಿಗೆ ಒಂದೆರಡು ಕಡೆ ಬಂದು ಹೋಗುತ್ತದೆ. ಕೆಲವರಿಗೆ ಮಾತ್ರ ನಿಮ್ಮ ಹಾಗೆ ತಲೆಪೂರ್ತಿ ಆಗುತ್ತದೆ, ಅದನ್ನು ಅಲೋಪೇಶಿಯಾ ಟೋಟಾಲಿಸ್ ಅನ್ನುತ್ತೇವೆ. ಇಲ್ಲಿ ಬೇರು ನಾಶವಾಗಿರುವುದಿಲ್ಲ, ಹಾಗಾಗಿ ಎಷ್ಟೋ ವರ್ಷದ ಮೇಲೂ ಕೂದಲು ವಾಪಸ್ ಬರುವ ಸಾಧ್ಯತೆ ಇರುತ್ತದೆ. ಬೆಳ್ಳುಳ್ಳಿ, ಗುಲಗಂಜಿ ಇನ್ನು ಬೇಡವೇ ಬೇಡ. ಅವು ಚರ್ಮ ಸುಡುತ್ತವೆ, ಗುಲಗಂಜಿಯಂತೂ ವಿಷದ ಬೀಜ. ಬ್ಯಾರಿಸಿಟಿನಿಬ್ ಅನ್ನುವ ಮಾತ್ರೆಗೆ ಅಮೆರಿಕದ ಔಷಧ ಇಲಾಖೆ 2022ರಲ್ಲಿ ಈ ಕಾಯಿಲೆಗೆಂದೇ ಒಪ್ಪಿಗೆ ಕೊಟ್ಟಿತು. ನಮ್ಮಲ್ಲೂ ಅದು ಸಿಗುತ್ತದೆ. ಎಲ್ಲರಿಗೂ ಕೆಲಸ ಮಾಡುವುದಿಲ್ಲ. ಕೆಲಸ ಮಾಡಿದರೂ ಫಲ ಕಾಣಲು ತಿಂಗಳುಗಳೇ ಬೇಕು, ನಿಲ್ಲಿಸಿದರೆ ಮತ್ತೆ ಉದುರಬಹುದು. ಶುರು ಮಾಡುವ ಮುಂಚೆ ಕ್ಷಯ ಇದೆಯಾ ಅಂತ ನೋಡಬೇಕು, ರಕ್ತ ಪರೀಕ್ಷೆ ಮಾಡಬೇಕು. ಮಗು ಬೇಕು ಅಂತ ಯೋಚಿಸುವಾಗ ಈ ಮಾತ್ರೆ ತೆಗೆದುಕೊಳ್ಳುವ ಹಾಗಿಲ್ಲ. ನಿಮ್ಮ ಡಾಕ್ಟರ ಹತ್ತಿರ ಕೂತು ಮಾತಾಡಿ. ವಿಗ್ ಹಾಕಿಕೊಂಡ ಮಾತ್ರಕ್ಕೆ ಚಿಕಿತ್ಸೆ ಕೈಬಿಟ್ಟ ಹಾಗೆ ಆಗುವುದಿಲ್ಲ. ಎರಡೂ ಒಟ್ಟಿಗೆ ನಡೆಯಬಹುದು.

ಈಗ ನೀವು ಕೇಳಿದ್ದಕ್ಕೆ ಬರೋಣ. 2017ರಲ್ಲಿ ಬ್ರಿಟನ್ನಿನಲ್ಲಿ ಈ ಬಗೆಯ ಕೂದಲು ಉದುರುವಿಕೆ ಇರುವ 338 ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ವಿಗ್ ಹಾಕಿಕೊಳ್ಳುವುದರಿಂದ ದಿನನಿತ್ಯದ ಬದುಕಿಗೆ ಒಳ್ಳೆಯದಾಗಿದೆ ಅಂದವರು 46 ಶೇಕಡ. ಧೈರ್ಯ ಜಾಸ್ತಿಯಾಯಿತು, ಆತಂಕ ಕಡಿಮೆಯಾಯಿತು ಅಂತ ಅವರು ಹೇಳಿದರು. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇದೆ. ವಿಗ್ ಇಲ್ಲದೆ ಇರಬೇಕಾಗಿ ಬಂದರೆ ಏನು ಗತಿ ಅಂತ ಚಿಂತೆ ಮಾಡುವವರಲ್ಲಿ ಖಿನ್ನತೆ ಜಾಸ್ತಿ ಇತ್ತು. ವಿಗ್ ಹಾಕಿದ್ದೇನೆ ಅಂತ ಯಾರಿಗಾದರೂ ಗೊತ್ತಾಗಿಬಿಟ್ಟರೆ ಅನ್ನುವ ಭಯವನ್ನೂ ಹಲವರು ಹೇಳಿಕೊಂಡಿದ್ದರು.

ನನ್ನ ಕ್ಲಿನಿಕ್ಕಿನಲ್ಲಿ ಕಾಣುವುದೂ ಇದೇ. ಇಬ್ಬರು ಹೆಣ್ಣುಮಕ್ಕಳು ಒಂದೇ ತರದ ವಿಗ್ ಹಾಕುತ್ತಾರೆ ಅಂದುಕೊಳ್ಳಿ. ಒಬ್ಬಳು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗಾಳಿಗೆ ಮುಖ ಕೊಡುತ್ತಾಳೆ. ಇನ್ನೊಬ್ಬಳು ಫ್ಯಾನಿನ ಕೆಳಗೆ ಕೂರಲೂ ಹೆದರುತ್ತಾಳೆ. ಮೊದಲನೆಯವಳ ವಿಗ್ ತಲೆಗೆ ಸರಿಯಾಗಿ ಕೂತಿರುತ್ತದೆ, ಜೊತೆಗೆ ಅವಳಿಗೆ ಬೇಕಾದ ನಾಲ್ಕು ಜನಕ್ಕೆ ವಿಷಯ ಗೊತ್ತಿರುತ್ತದೆ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಧೈರ್ಯ ಪೂರ್ತಿಯಾಗಿ ಬರುವುದಿಲ್ಲ.

ಮೊದಲು ತಲೆಗೆ ಕೂರುವ ವಿಷಯ. ನೀವು ಆನ್‌ಲೈನ್‌ನಲ್ಲಿ ತರಿಸಿದ್ದು ಟೋಪನ್ನಿನ ಹಾಗೆ ಕಂಡಿದ್ದಕ್ಕೆ ನಿಮ್ಮ ಮುಖ ಕಾರಣ ಅಲ್ಲ. ಕಡಿಮೆ ಬೆಲೆಯ ವಿಗ್‌ಗಳಲ್ಲಿ ಮೂರು ತೊಂದರೆ ಸಾಮಾನ್ಯವಾಗಿ ಇರುತ್ತವೆ. ಬಣ್ಣ ಅಚ್ಚ ಕಪ್ಪು, ಕೂದಲು ಬೇಕಾದ್ದಕ್ಕಿಂತ ದಟ್ಟ, ಹಣೆಯ ಅಂಚು ಗೆರೆ ಎಳೆದ ಹಾಗೆ ನೇರ. ನಮ್ಮ ಕೂದಲನ್ನು ನಾವು ಕಪ್ಪು ಅನ್ನುತ್ತೇವೆ, ಆದರೆ ಬಿಸಿಲಲ್ಲಿ ನಿಂತು ನೋಡಿದರೆ ಅದರಲ್ಲಿ ಕಂದು ಇರುತ್ತದೆ. ವಿಗ್ ಅಂಗಡಿಯವರ ಲೆಕ್ಕದಲ್ಲಿ ‘1’ ಅಂದರೆ ಅಚ್ಚ ಕಪ್ಪು, ‘1ಬಿ’ ಅಂದರೆ ಸಹಜ ಕಪ್ಪು, ‘2’ ಅಂದರೆ ಕಡು ಕಂದು. ನಮ್ಮ ಕಡೆಯ ಹೆಚ್ಚಿನ ಮುಖಕ್ಕೆ ‘1ಬಿ’ ಹೊಂದುತ್ತದೆ, ಕೆಲವರಿಗೆ ‘2’. ಕೂದಲು ಉದುರುವ ಮುಂಚಿನ ಒಂದು ಫೋಟೋ, ಸಾಧ್ಯವಾದರೆ ಬಿಸಿಲಲ್ಲಿ ತೆಗೆದಿದ್ದು, ಜೊತೆಗೆ ಒಯ್ಯಿರಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಒಪ್ಪಿಕೊಳ್ಳಬೇಡಿ. ಬಾಗಿಲಿನ ಹೊರಗೆ ಬಂದು ಕನ್ನಡಿ ಹಿಡಿದು ನೋಡಿ.

ದಟ್ಟಣೆ ಇನ್ನೂ ಮುಖ್ಯ. ಕೂದಲು ಕಳೆದುಕೊಂಡವರಿಗೆ ವಿಗ್ ಆರಿಸುವಾಗ ತುಂಬಾ ದಟ್ಟವಾಗಿರುವುದರ ಮೇಲೆ ಆಸೆಯಾಗುವುದು ಸಹಜ. ಆದರೆ ಗುಟ್ಟು ಬಿಟ್ಟುಕೊಡುವುದೇ ಆ ದಟ್ಟಣೆ. ಅಂಗಡಿಯಲ್ಲಿ ಡೆನ್ಸಿಟಿ ಅಂತ ಶೇಕಡದಲ್ಲಿ ಹೇಳುತ್ತಾರೆ. 150 ಶೇಕಡ ಅಂದರೆ ಮದುಮಗಳ ಅಲಂಕಾರದ ಹಾಗೆ ಕಾಣುತ್ತದೆ. ದಿನವೂ ಶಾಲೆಗೆ ಹೋಗುವವರಿಗೆ 110ರಿಂದ 130 ಸಾಕು. ಉದ್ದವೂ ಅಷ್ಟೇ. ಹೆಗಲಿನವರೆಗೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿನವರೆಗೆ ಇದ್ದರೆ ಸಿಕ್ಕು ಕಡಿಮೆ, ಭಾರ ಕಡಿಮೆ, ಬೆಲೆಯೂ ಕಡಿಮೆ. ಸೊಂಟದವರೆಗೆ ಜಡೆ ಇದ್ದವರಿಗೆ ಇದು ಒಪ್ಪಿಕೊಳ್ಳಲು ಕಷ್ಟ ಅಂತ ನನಗೆ ಗೊತ್ತು. ಆದರೂ ಮೊದಲ ವಿಗ್ ಚಿಕ್ಕದಿರಲಿ.

ಇನ್ನು ಒಳಗಿನ ಟೋಪಿ, ಅಂದರೆ ಬೇಸ್. ಸಾಧಾರಣ ವಿಗ್‌ನಲ್ಲಿ ಕೂದಲನ್ನು ಸಾಲುಸಾಲಾಗಿ ಮಿಷಿನ್ನಿನಲ್ಲಿ ಹೊಲಿದಿರುತ್ತಾರೆ. ಗಾಳಿ ಬಂದರೆ ಆ ಸಾಲು ಕಾಣುತ್ತದೆ, ಬೈತಲೆಯೂ ಸಹಜವಾಗಿ ಕಾಣುವುದಿಲ್ಲ. ಮೊನೊ ಬೇಸ್‌ನಲ್ಲಿ ನೆತ್ತಿಯ ಭಾಗದಲ್ಲಿ ತೆಳುವಾದ ಜಾಲರಿಗೆ ಒಂದೊಂದೇ ಎಳೆ ಕೈಯಲ್ಲಿ ಕಟ್ಟಿರುತ್ತಾರೆ. ಬೈತಲೆ ತೆಗೆದರೆ ಕೆಳಗಿನ ಚರ್ಮ ಕಾಣುತ್ತದೆ. ಫ್ರಂಟ್ ಲೇಸ್ ಅಂದರೆ ಹಣೆಯ ಅಂಚಿನಲ್ಲಿ ಇನ್ನೂ ತೆಳುವಾದ ಲೇಸ್, ಕೂದಲು ಚರ್ಮದಿಂದಲೇ ಹುಟ್ಟಿದ ಹಾಗಿರುತ್ತದೆ. ನಿಮ್ಮ ತಲೆಯಲ್ಲಿ ಕೂದಲೇ ಇಲ್ಲದ ಕಾರಣ ಇನ್ನೊಂದನ್ನು ಕೇಳಲೇಬೇಕು. ಒಳಗೆ ಕಿವಿಯ ಹತ್ತಿರ, ಕತ್ತಿನ ಹಿಂದೆ ಸಿಲಿಕೋನ್ ಪಟ್ಟಿ ಇದೆಯಾ ಅಂತ. ಕೂದಲಿರುವವರಿಗೆ ಕ್ಲಿಪ್ ಹಿಡಿದುಕೊಳ್ಳುತ್ತದೆ. ನುಣ್ಣನೆಯ ತಲೆಗೆ ಸಿಲಿಕೋನ್ ಹಿಡಿದುಕೊಳ್ಳುತ್ತದೆ. ಆ ಪಟ್ಟಿ ಇಲ್ಲದ ವಿಗ್ ನಿಮ್ಮ ತಲೆಯ ಮೇಲೆ ಜಾರಿಯೇ ಜಾರುತ್ತದೆ. ಅದು ಜಾರುತ್ತಿದ್ದರೆ ನಿಮ್ಮ ಕೈ ಇಡೀ ದಿನ ಹಣೆಯ ಹತ್ತಿರವೇ ಇರುತ್ತದೆ. ನೋಡುವವರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಅಳತೆ ಮನೆಯಲ್ಲೇ ತೆಗೆದುಕೊಳ್ಳಬಹುದು. ಟೈಲರ್ ಟೇಪನ್ನು ಹಣೆಯ ಮೇಲ್ಭಾಗದಿಂದ ಶುರುಮಾಡಿ ಕಿವಿಯ ಮೇಲೆ, ಕತ್ತಿನ ಹಿಂದೆ ಕೂದಲು ಮುಗಿಯುತ್ತಿದ್ದ ಜಾಗಕ್ಕೆ ತಂದು ಸುತ್ತಿ. ಹೆಚ್ಚಿನ ಹೆಂಗಸರಿಗೆ 54ರಿಂದ 57 ಸೆಂಟಿಮೀಟರ್ ಬರುತ್ತದೆ. ಅದಕ್ಕಿಂತ ಕಡಿಮೆ ಬಂದರೆ ಸಣ್ಣ ಅಳತೆ ಕೇಳಿ. ಹಣೆಯ ಅಂಚು ಎಲ್ಲಿತ್ತು ಅಂತ ಮರೆತಿದ್ದರೆ ಕನ್ನಡಿಯ ಮುಂದೆ ಹುಬ್ಬು ಏರಿಸಿ. ಹಣೆಯ ನೆರಿಗೆ ಎಲ್ಲಿ ಮುಗಿಯುತ್ತದೋ ಅದರ ಸ್ವಲ್ಪ ಮೇಲೆ. ಹುಬ್ಬಿನಿಂದ ನಾಲ್ಕು ಬೆರಳು ಅನ್ನುವ ಲೆಕ್ಕವೂ ಸರಿಹೋಗುತ್ತದೆ. ಎಲ್ಲರೂ ವಿಗ್ಗನ್ನು ತೀರಾ ಕೆಳಗೆ ಎಳೆದುಕೊಳ್ಳುತ್ತಾರೆ, ಹಣೆ ಚಿಕ್ಕದಾಗಿ ಮುಖವೇ ಬದಲಾಗುತ್ತದೆ.

ಇಷ್ಟೆಲ್ಲ ನೋಡಿ ತಂದ ವಿಗ್ ಕೂಡ ಡಬ್ಬಿಯಿಂದ ತೆಗೆದ ದಿನವೇ ನಿಮ್ಮದಾಗುವುದಿಲ್ಲ. ಅದು ರವಿಕೆ ಬಟ್ಟೆಯ ಹಾಗೆ, ಮೈಗೆ ಅಳತೆ ಹಿಡಿದು ಹೊಲಿದ ಮೇಲೇ ರವಿಕೆ. ತಲೆಯ ಮೇಲೆ ಹಾಕಿಕೊಂಡು ಕೂತು, ಕೂದಲು ಕತ್ತರಿಸುವವರ ಹತ್ತಿರ ನಿಮ್ಮ ಮುಖಕ್ಕೆ ತಕ್ಕಂತೆ ಕತ್ತರಿಸಿಸಿಕೊಳ್ಳಿ. ವಿಗ್ ಕತ್ತರಿಸಿ ರೂಢಿ ಇರುವವರೇ ಆಗಬೇಕು, ಯಾಕೆಂದರೆ ಇದು ಮತ್ತೆ ಬೆಳೆಯುವುದಿಲ್ಲ. ಹಣೆಯ ಅಂಚಿನಲ್ಲಿ ಒಂದಷ್ಟು ಎಳೆ ಕಿತ್ತು ತೆಳು ಮಾಡಲು ಹೇಳಿ. ಬೈತಲೆಯ ಜಾಗಕ್ಕೆ ನಿಮ್ಮ ಮೈಬಣ್ಣದ ಕಾಂಪ್ಯಾಕ್ಟ್ ಪೌಡರನ್ನು ಬ್ರಷ್‌ನಲ್ಲಿ ಸ್ವಲ್ಪ ಸವರಿದರೆ ನೆತ್ತಿಯ ಚರ್ಮದ ಹಾಗೇ ಕಾಣುತ್ತದೆ. ಹೀಗೆ ಮಾಡಿದರೆ ಬೀರುವಿನಲ್ಲಿರುವುದೂ ಮನೆಯಲ್ಲಿ, ಅಂಗಡಿಗೆ ಹೋಗುವಾಗ ಹಾಕಿಕೊಳ್ಳುವ ಮಟ್ಟಕ್ಕೆ ಬರಬಹುದು.

ಸಿಂಥೆಟಿಕ್ ತೆಗೆದುಕೊಳ್ಳಬೇಕಾ, ನಿಜವಾದ ಕೂದಲಿನದಾ? ಸಿಂಥೆಟಿಕ್ ಹಗುರ, ತೊಳೆದರೂ ಅದರ ಆಕಾರ ಹಾಗೇ ಇರುತ್ತದೆ, ಬೆಲೆಯೂ ಕಡಿಮೆ. ಒಳ್ಳೆಯದು ಸುಮಾರು ನಾಲ್ಕೈದು ಸಾವಿರದಿಂದ ಶುರುವಾಗುತ್ತದೆ. ಆದರೆ ದಿನವೂ ಹಾಕಿದರೆ ನಾಲ್ಕಾರು ತಿಂಗಳಲ್ಲಿ ಕತ್ತಿನ ಹತ್ತಿರ ಗಂಟುಗಂಟಾಗುತ್ತದೆ. ಬಿಸಿಯಂತೂ ಅದಕ್ಕೆ ಆಗುವುದೇ ಇಲ್ಲ. ಕುಕ್ಕರ್ ಮುಚ್ಚಳ ತೆಗೆಯುವಾಗಿನ ಹಬೆ, ಕಾವಲಿಯ ಮುಂದೆ ಬಗ್ಗಿ ದೋಸೆ ಹೊಯ್ಯುವುದು, ಇಷ್ಟಕ್ಕೇ ಮುಂದಿನ ಕೂದಲು ಸುರುಟಿಕೊಳ್ಳುತ್ತದೆ. ಅಡುಗೆ ಮಾಡುವಾಗ ವಿಗ್ ತೆಗೆದಿಡುವುದೇ ಸರಿ. ಹೋಮದ ಮುಂದೆ ಕೂರುವಾಗ, ದೀಪಕ್ಕೆ ಬಗ್ಗುವಾಗ ಯಾವ ವಿಗ್ ಆದರೂ ಹಿಂದಕ್ಕೆ ಕಟ್ಟಿಕೊಳ್ಳಿ.

ನಿಜವಾದ ಕೂದಲಿನ ವಿಗ್ ನೋಡಿಕೊಂಡರೆ ಒಂದು ವರ್ಷ, ಅದಕ್ಕೂ ಜಾಸ್ತಿ ಬಾಳುತ್ತದೆ. ಜಡೆ ಹೆಣೆಯಬಹುದು, ಬಿಸಿ ಮಾಡಿ ನೇರ ಮಾಡಬಹುದು. ಬೆಲೆ ಇಪ್ಪತ್ತು ಇಪ್ಪತ್ತೈದು ಸಾವಿರದಿಂದ ಮೇಲಕ್ಕೆ ಹೋಗುತ್ತದೆ. ಇಲ್ಲಿ ಕೂದಲು ಎಲ್ಲಿಂದ ಬಂತು ಅನ್ನುವುದು ಮುಖ್ಯ. ತಿರುಪತಿಯಂಥ ಕಡೆ ಭಕ್ತರು ಕೊಟ್ಟ ಮುಡಿಯಲ್ಲಿ ಎಲ್ಲ ಎಳೆಯ ಬುಡವೂ ಒಂದೇ ಕಡೆ ಇರುತ್ತದೆ. ಹಾಗೇ ಬುಡ ತುದಿ ಕೆಡದಂತೆ ಜೋಡಿಸಿದ ಕೂದಲಿಗೆ ರೆಮಿ ಅನ್ನುತ್ತಾರೆ, ಅದು ಸಿಕ್ಕಾಗುವುದು ಕಡಿಮೆ. ಇನ್ನೊಂದು, ಬಾಚಣಿಗೆಯಲ್ಲಿ ಬಂದ ಕೂದಲು. ಬೀದಿಯಲ್ಲಿ ಪಿನ್ನು, ಪಾತ್ರೆ ಕೊಟ್ಟು ಅದನ್ನು ಕೊಂಡುಹೋಗುತ್ತಾರಲ್ಲ, ಅದೇ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಅಂಥ ಕೂದಲ ಉಂಡೆಗಳನ್ನು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸುವುದೇ ದೊಡ್ಡ ಉದ್ಯೋಗ. ಎಷ್ಟೋ ಹೆಂಗಸರು ಅದರಲ್ಲೇ ದುಡಿಯುತ್ತಾರೆ, ಸರಕು ಹೊರದೇಶಕ್ಕೆ ಹೋಗುತ್ತದೆ. ಅವರ ತಾಳ್ಮೆ ದೊಡ್ಡದು. ಇಷ್ಟು ಕೂದಲು ಸಾಗಿಸುವ ನಮ್ಮ ನಾಡಿನಲ್ಲೇ ಕೂದಲಿಲ್ಲದ ಹೆಣ್ಣುಮಗಳಿಗೆ ಯಾವ ವಿಗ್ ಕೊಳ್ಳಬೇಕು ಅಂತ ಹೇಳುವವರಿಲ್ಲವಲ್ಲ ಅನ್ನುವುದು ನನಗೆ ಯಾವಾಗಲೂ ಬೇಸರದ ವಿಷಯ. ಬಾಚಣಿಗೆ ಕೂದಲಿನಲ್ಲಿ ಬುಡ ತುದಿ ಕಲಸಿಹೋಗಿರುತ್ತದೆ. ಅದನ್ನು ರಾಸಾಯನಿಕದಲ್ಲಿ ನುಣುಪು ಮಾಡಿ ಮಾರುವುದುಂಟು, ಕೆಲವು ಸಲ ತೊಳೆದ ಮೇಲೆ ನುಣುಪು ಹೋಗಿ ಸಿಕ್ಕು ಶುರುವಾಗುತ್ತದೆ. ಅಂಗಡಿಯಲ್ಲಿ ಒಂದೆರಡು ಎಳೆ ಕೇಳಿ ಪಡೆದು ಸುಟ್ಟು ನೋಡಿ. ನಿಜವಾದ ಕೂದಲು ಸುಟ್ಟ ಕೂದಲಿನ ವಾಸನೆ ಬಂದು ಪುಡಿಯಾಗುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಗುಂಡಾಗುತ್ತದೆ.

ನನ್ನನ್ನು ಕೇಳಿದರೆ, ಮೊದಲು ಒಂದು ಒಳ್ಳೆಯ ಸಿಂಥೆಟಿಕ್ ತೆಗೆದುಕೊಳ್ಳಿ, ಮೊನೊ ಬೇಸ್, ಫ್ರಂಟ್ ಲೇಸ್ ಇರುವುದು. ನಾಲ್ಕು ತಿಂಗಳು ಹಾಕಿ. ಯಾವ ಉದ್ದ ಒಗ್ಗುತ್ತದೆ, ಎಲ್ಲಿ ಬಿಗಿಯಾಗುತ್ತದೆ ಅಂತ ತಿಳಿದ ಮೇಲೆ ದುಬಾರಿಯದಕ್ಕೆ ದುಡ್ಡು ಹಾಕಿ. ಸಾಲ ಮಾಡಿ ಮೊದಲೇ ಅರವತ್ತು ಸಾವಿರದ ವಿಗ್ ತರುವುದು ಬೇಡ. ಕೀಮೋ ತೆಗೆದುಕೊಳ್ಳುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರನ್ನು ಕೇಳಿ. ದಾನ ಮಾಡಿದ ಕೂದಲಿನ ವಿಗ್ ಉಚಿತವಾಗಿ ಕೊಡುವವರು ಇದ್ದಾರೆ.

ತಂದ ಮೇಲೆ ನೇರ ಶಾಲೆಗೆ ಹಾಕಿಕೊಂಡು ಹೋಗಬೇಡಿ. ಮೊದಲು ಮನೆಯಲ್ಲಿ ಒಂದೆರಡು ಗಂಟೆ ಹಾಕಿಕೊಂಡು ಕೆಲಸ ಮಾಡಿ. ಬಗ್ಗಿ ಕಸ ಗುಡಿಸಿ, ಬಿದ್ದ ಚಾಕ್‌ಪೀಸ್ ಎತ್ತಿಕೊಳ್ಳಿ, ತಲೆ ಜೋರಾಗಿ ಅಲ್ಲಾಡಿಸಿ. ತಾರಸಿಯ ಮೇಲೆ ಗಾಳಿ ಬೀಸುವಾಗ ನಿಂತುಕೊಳ್ಳಿ. ಅಕ್ಕನಿಗೆ ಸ್ವಲ್ಪ ಎಳೆಯಲು ಹೇಳಿ. ಎಲ್ಲಿ ಸಡಿಲ ಅಂತ ಗೊತ್ತಾಗುತ್ತದೆ, ಒಳಗಿನ ಪಟ್ಟಿ ಬಿಗಿ ಮಾಡಿ ಅಥವಾ ಹಣೆಯ ಹತ್ತಿರ ಎರಡೂ ಬದಿ ಅಂಟುವ ಟೇಪ್ ಹಾಕಿ. ಚರ್ಮಕ್ಕೆಂದೇ ಮಾಡಿದ ಟೇಪನ್ನೇ ಕೊಳ್ಳಿ. ಮೊದಲು ಮೊಣಕೈ ಒಳಗೆ ಒಂದು ತುಂಡು ಒಂದು ದಿನ ಅಂಟಿಸಿಟ್ಟು ತುರಿಕೆ ಬರುತ್ತದಾ ನೋಡಿ. ಎಷ್ಟು ಬಗ್ಗಿದರೂ ಬೀಳುವುದಿಲ್ಲ ಅಂತ ನಿಮ್ಮ ಮೈಗೆ ಗೊತ್ತಾಗಬೇಕು. ಬಾಯಿಮಾತಿನಲ್ಲಿ ನಾನು ಎಷ್ಟು ಧೈರ್ಯ ಹೇಳಿದರೂ ಆ ಪರೀಕ್ಷೆಗೆ ಸಮ ಅಲ್ಲ. ಆಮೇಲೆ ಪರಿಚಯ ಇಲ್ಲದ ಬೀದಿಯ ಅಂಗಡಿಗೆ ಹೋಗಿ, ಆಮೇಲೆ ಹತ್ತಿರದವರ ಮನೆಗೆ.

ಬೆವರಿಗೆ ಒಳಗೊಂದು ತೆಳುವಾದ ಹತ್ತಿಯ ಟೋಪಿ ಹಾಕಿ, ದಿನವೂ ಬದಲಾಯಿಸಿ. ತಲೆಗೆ ಎಣ್ಣೆ ಹಚ್ಚುವುದಿದ್ದರೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಿರಿ, ಎಣ್ಣೆಯ ತಲೆಯ ಮೇಲೆ ವಿಗ್ ಜಾರುತ್ತದೆ. ವಿಗ್‌ಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಎಂಟು ಹತ್ತು ಸಲ ಹಾಕಿದ ಮೇಲೆ, ಬೇಸಿಗೆಯಲ್ಲಿ ಇನ್ನೂ ಬೇಗ, ತಣ್ಣೀರಿನಲ್ಲಿ ಸ್ವಲ್ಪ ಶಾಂಪೂ ಕದಡಿ ಅದ್ದಿ ತೆಗೆಯಿರಿ. ಉಜ್ಜಬೇಡಿ, ಹಿಂಡಬೇಡಿ. ಟವೆಲ್ಲಿನಲ್ಲಿ ಒತ್ತಿ ನೆರಳಲ್ಲಿ ಒಣಗಿಸಿ, ಸಿಂಥೆಟಿಕ್ ಆದರೆ ಒಣಗಿದ ಮೇಲೆಯೇ ಬಾಚಿ. ಮಲಗುವಾಗ ತೆಗೆದಿಡಿ. ಗುಳ್ಳೆ, ಕೀವು ಕಂಡರೆ ಕೆಲವು ದಿನ ಬಿಟ್ಟು ಡಾಕ್ಟರಿಗೆ ತೋರಿಸಿ. ಸ್ಕೂಟರಿನಲ್ಲಿ ಹೋಗುವವರು ಸ್ಕಾರ್ಫ್ ಮೇಲೆ ಹೆಲ್ಮೆಟ್ ಹಾಕಿ, ವಿಗ್ಗನ್ನು ಚೀಲದಲ್ಲಿ ಒಯ್ದು ಶಾಲೆಯಲ್ಲಿ ಹಾಕಿಕೊಳ್ಳುವುದೇ ಸುಲಭ. ಎಂಆರ್‌ಐ ಸ್ಕ್ಯಾನ್ ಇದ್ದರೆ ಮೊದಲೇ ಹೇಳಿ ತೆಗೆಯಬೇಕು.

ಹೂವಿನ ವಿಷಯ ಎಲ್ಲರೂ ಕೇಳುತ್ತಾರೆ. ಮುಡಿಯಬಹುದು, ಧಾರಾಳವಾಗಿ. ಆದರೆ ದಪ್ಪ ಮಲ್ಲಿಗೆ ದಂಡೆಯ ಭಾರಕ್ಕೆ ವಿಗ್ ಹಿಂದಕ್ಕೆ ಸರಿಯುತ್ತದೆ. ಒಂದು ಗೇಣು ಹೂವನ್ನು ಕಿವಿಯ ಹಿಂದೆ, ಕೂದಲಿಗೆ ಮಾತ್ರ ಪಿನ್ನು ತಗುಲುವ ಹಾಗೆ ಸಿಕ್ಕಿಸಿ. ಬೇಸ್‌ಗೆ ಚುಚ್ಚಿದರೆ ಹರಿಯುತ್ತದೆ. ಬೈತಲೆಗೆ ಕುಂಕುಮ ಇಟ್ಟರೆ ಲೇಸಿಗೆ ಕಲೆ ಉಳಿಯುತ್ತದೆ, ಹಣೆಯ ಅಂಚಿನ ಚರ್ಮಕ್ಕೇ ಇಟ್ಟುಕೊಳ್ಳಿ. ಹುಬ್ಬಿಗೆ ಕಪ್ಪು ಪೆನ್ಸಿಲ್ ಬೇಡ, ಕಂದು ಪೌಡರು ಸಹಜವಾಗಿರುತ್ತದೆ. ನನ್ನ ಕಣ್ಣಿಗೆ, ಹುಬ್ಬು ಸರಿಹೋದರೆ ಮುಖದ ಕಳೆ ಅರ್ಧ ವಾಪಸ್ ಬಂದ ಹಾಗೆ.

ಇನ್ನು ಗುಟ್ಟಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ತಟ್ಟಿದ್ದು ಅದೇ.

ವಿಗ್ ಹಾಕುವುದು ಮೋಸ ಅಲ್ಲ. ನಮ್ಮ ಅಜ್ಜಿಯರು ಚೌರಿ ಸೇರಿಸಿ ಜಡೆ ಹಾಕುತ್ತಿದ್ದರು, ಯಾರೂ ಅದನ್ನು ಮೋಸ ಅನ್ನಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರಿಗೆ ನಿಮ್ಮ ತಲೆಯ ಲೆಕ್ಕ ಒಪ್ಪಿಸಬೇಕಾಗಿಲ್ಲ. ‘ಯಾಕಮ್ಮ, ತಿರುಪತಿಗೆ ಮುಡಿ ಕೊಟ್ಯಾ?’ ಅಂತ ಕೇಳುವವರಿಗೆ ‘ಇಲ್ಲ’ ಅಂದರೆ ಸಾಕು. ಆದರೆ ಒಬ್ಬರಿಗೂ ಗೊತ್ತಿಲ್ಲ ಅನ್ನುವ ಸ್ಥಿತಿ ಬೇರೆ. ಆಗ ನೀವು ಎಲ್ಲೇ ಇದ್ದರೂ ಕಾವಲು ಕಾಯಬೇಕಾಗುತ್ತದೆ. ಅದು ತುಂಬಾ ಸುಸ್ತಾಗುವ ಕೆಲಸ.

ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ, ಜೊತೆಗೆ ನಿಮಗೆ ಹತ್ತಿರವಾದ ಒಬ್ಬ ಟೀಚರಿಗೆ ಹೇಳಿ. ವಿಗ್ ಸರಿದಿದ್ದರೆ ಕಣ್ಣಲ್ಲೇ ಸನ್ನೆ ಮಾಡುವ ಒಬ್ಬರು ಇದ್ದರೆ ಅರ್ಧ ಭಾರ ಇಳಿಯುತ್ತದೆ. ಇಷ್ಟು ದಿನ ಸ್ಕಾರ್ಫ್ ಕಟ್ಟಿದವರು ಒಂದು ಸೋಮವಾರ ಕೂದಲಿಟ್ಟುಕೊಂಡು ಹೋದರೆ ಮಕ್ಕಳು ಕೇಳಿಯೇ ಕೇಳುತ್ತಾರೆ. ದಸರಾ ರಜೆ ಅಥವಾ ಬೇಸಿಗೆ ರಜೆಯ ಮೇಲೆ ಶುರುಮಾಡಿದರೆ ಅನುಕೂಲ. ಆಗಲೂ ಉತ್ತರ ಬಾಯಲ್ಲಿ ಸಿದ್ಧವಿರಲಿ. ‘ನನಗೆ ಕೂದಲು ಉದುರೋ ತೊಂದರೆ ಇದೆ, ಯಾರಿಗೂ ಅಂಟಲ್ಲ. ಇದು ವಿಗ್. ಈಗ ಪುಸ್ತಕ ತೆಗೀರಿ.’ ಇಷ್ಟನ್ನು ಕನ್ನಡಿಯ ಮುಂದೆ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಮಕ್ಕಳ ಕುತೂಹಲ ಎರಡು ದಿನದ್ದು. ಹೇಳಬೇಕೆಂದೇನೂ ಇಲ್ಲ, ಹೇಳದೆ ‘ಹೊಸ ಹೇರ್‌ಸ್ಟೈಲ್’ ಅಂದರೂ ತಪ್ಪಿಲ್ಲ. ಆದರೆ ಹೇಳಿದ ಟೀಚರುಗಳೇ ಹೆಚ್ಚು ಆರಾಮಾಗಿರುವುದನ್ನು ನೋಡಿದ್ದೇನೆ. ಆ ಕ್ಲಾಸಿನಲ್ಲಿ ಕೂದಲು ಉದುರುತ್ತಿರುವ ಇನ್ನೊಂದು ಹುಡುಗಿಯೂ ಇರಬಹುದು.

ಮದುವೆಯ ವಿಷಯದಲ್ಲಿ ಮಾತ್ರ ನಾನು ಅಮ್ಮನ ಮಾತನ್ನು ಒಪ್ಪುವುದಿಲ್ಲ. ಅವರ ಭಯ ಅರ್ಥವಾಗುತ್ತದೆ. ಮಗಳನ್ನು ಯಾರೂ ಬೇಡ ಅನ್ನಬಾರದು ಅನ್ನುವುದೇ ಅವರಿಗಿರುವ ಚಿಂತೆ. ಆದರೆ ಒಂದೇ ಕೋಣೆಯಲ್ಲಿ ಬದುಕುವವರಿಂದ ಮುಚ್ಚಿಡುವ ವಿಷಯ ಇದಲ್ಲ. ಮದುವೆಯ ಮೊದಲ ರಾತ್ರಿಯಿಂದಲೇ ವಿಗ್ ತೆಗೆಯಲು ಹೆದರುವ ಬದುಕು ನಿಮಗೆ ಬೇಡ. ಹುಡುಗನಿಗೂ ತಿಳಿದುಕೊಂಡು ಒಪ್ಪುವ ಹಕ್ಕಿದೆ. ಹೆಣ್ಣು ನೋಡುವ ಶಾಸ್ತ್ರದ ದಿನ ಹತ್ತು ಜನರ ಮುಂದೆ ಹೇಳಬೇಕಿಲ್ಲ. ಮಾತು ಮುಂದುವರಿಯುವ ಹಾಗಿದೆ ಅನ್ನಿಸಿದಾಗ, ನಿಶ್ಚಿತಾರ್ಥಕ್ಕೆ ಮುಂಚೆ, ಹುಡುಗನ ಹತ್ತಿರ ನೀವೇ ನೇರವಾಗಿ ಮಾತಾಡಿ. ಕಾಯಿಲೆಯ ಹೆಸರು ಹೇಳಿ. ಅಂಟುವುದಿಲ್ಲ, ಗರ್ಭ ನಿಲ್ಲಲು ಅಡ್ಡಿಯಿಲ್ಲ ಅಂತ ಹೇಳಿ. ಮನೆತನದಲ್ಲಿ ಸ್ವಲ್ಪ ಒಲವು ಇರುವ ಕಾಯಿಲೆ ಹೌದು, ಆದರೆ ಇಂಥವರ ಹೆಚ್ಚಿನ ಮಕ್ಕಳಿಗೆ ಇದು ಬರುವುದಿಲ್ಲ. ಬೇಕಿದ್ದರೆ ನಿಮ್ಮ ಡಾಕ್ಟರ ಹತ್ತಿರ ಒಟ್ಟಿಗೆ ಹೋಗಿ. ಕೆಲವರು ಹಿಂದೆ ಸರಿಯುತ್ತಾರೆ, ಅದು ನೋಯುತ್ತದೆ. ಆದರೆ ಮದುವೆಯಾದ ಮೇಲೆ ಗೊತ್ತಾಗಿ ಹಿಂದೆ ಸರಿದರೆ ಆಗುವ ನೋವಿನ ಮುಂದೆ ಇದು ಸಣ್ಣದು.

ವಿಗ್ ಇಲ್ಲದೆ ಇರುವ ಹೊತ್ತನ್ನೂ ಉಳಿಸಿಕೊಳ್ಳಿ. ಮನೆಯಲ್ಲಿ ಬರಿತಲೆಯಲ್ಲಿ ಓಡಾಡಿ. ಅಪ್ಪ, ಅಮ್ಮ, ಅಕ್ಕನ ಕಣ್ಣಿಗೂ ರೂಢಿಯಾಗಬೇಕು, ನಿಮ್ಮ ಕಣ್ಣಿಗೂ. ಸ್ಕಾರ್ಫ್ ಕೂಡ ಬಿಡಬೇಕಾಗಿಲ್ಲ, ಬೇಸಿಗೆಯ ಮಧ್ಯಾಹ್ನ ಅದೇ ಹಿತ. ಹೊರಗೆ ಬರಿತಲೆಯಲ್ಲಿ ಹೋಗುವ ದಿನ ಬಂದರೆ ಸನ್‌ಸ್ಕ್ರೀನ್ ಹಚ್ಚಿ. ದಿನವೂ ಅಳು ಬರುತ್ತಿದೆ, ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನ್ನುವ ಹಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾ​ಡಬಹುದು.

ವಿಗ್ ಆರಿಸಲು ಹೋಗುವಾಗ ಅಕ್ಕನನ್ನು ಕರೆದುಕೊಂಡು ಹೋಗಿ. ಹಗಲಿನಲ್ಲೇ ಹೋಗಿ, ಪರದೆ ಇರುವ ಕೋಣೆ ಇದೆಯಾ ಅಂತ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಅಂಗಡಿಯವರು ಅವಸರ ಮಾಡಿದರೆ ಕೊಳ್ಳದೆ ಎದ್ದು ಬನ್ನಿ. ನಾಲ್ಕೈದು ಹಾಕಿ ನೋಡಿ, ಪ್ರತಿಯೊಂದರಲ್ಲೂ ಫೋಟೋ ತೆಗೆಸಿಕೊಂಡು ಮನೆಗೆ ಬಂದು ಒಂದು ರಾತ್ರಿ ಬಿಟ್ಟು ತೀರ್ಮಾನ ಮಾಡಿ.